ಸೂಪರ್ ಬೌಲ್ ಪಾರ್ಟಿಗೆ ಪ್ರಾಪ್ ಬೆಟ್ ಹಾಳೆ: ಯಾವ ಪ್ರಶ್ನೆ ಇಡೋದು, ಯಾವುದು ಬಿಡೋದು?

ಹೆಂಚಿನದೋಸೆ (ಎಡಿಸನ್, ನ್ಯೂಜೆರ್ಸಿ)
ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್) ದಿನ ಮನೆಗೆ ಹದಿನೈದು ಜನ ಬರ್ತಿದ್ದಾರೆ. ಅರ್ಧ ಜನಕ್ಕೆ ಆಟ ಗೊತ್ತು, ಮಿಕ್ಕವರು ಹಾಫ್‌ಟೈಮ್ ಶೋ, ಜಾಹೀರಾತು ನೋಡೋಕೆ ಬರೋರು. ಯಾರು ಗೆಲ್ತಾರೆ ಅನ್ನೋ ಒಂದೇ ಬಾಜಿ ಇಟ್ರೆ ಬೇಗ ಸಪ್ಪೆ ಆಗುತ್ತೆ. ಅದಕ್ಕೇ ಪ್ರಾಪ್ ಬೆಟ್, ಅಂದ್ರೆ ಆಟದ ದಿನ ಆಗೋ ಚಿಕ್ಕಪುಟ್ಟ ಸಂಗತಿಗಳ ಮೇಲಿನ ಬಾಜಿ ಇಡೋಣ ಅಂತ: ತಲೆಗೆ 5 ಡಾಲರ್, ಒಂದು ಹಾಳೇಲಿ 20 ಪ್ರಶ್ನೆ ಅಂದ್ಕೊಂಡಿದೀನಿ. ಟಾಸ್‌ನ ನಾಣ್ಯ, ರಾಷ್ಟ್ರಗೀತೆ ಎಷ್ಟು ಹೊತ್ತು, ಗೆದ್ದ ಕೋಚ್ ಮೇಲೆ ಸುರಿಯೋ ಗೇಟೊರೇಡ್ ಪಾನೀಯದ ಬಣ್ಣ ಎಲ್ಲರಿಗೂ ಗೊತ್ತಿರೋದೇ. ಇನ್ನೇನು ಹಾಕಬಹುದು? ಜಗಳ ಆಗದ ಹಾಗೆ ತೀರ್ಪು ಕೊಡೋದು ಹೇಗೆ? ಆ್ಯಪ್‌ನಲ್ಲಿ ಬಾಜಿಯ ದರ -110, +900 ಅಂತ ಇರುತ್ತಲ್ಲ, ಅದರ ಲೆಕ್ಕವನ್ನೂ ಯಾರಾದ್ರೂ ಬಿಡಿಸಿ ಹೇಳಿ.

ನಾಲ್ಕನೇಡೌನ್
ಪ್ರಶ್ನೆ ಹುಡುಕೋದು ಸುಲಭ, ತೀರ್ಪಿನ ಸಾಲು ಬರೆಯೋದೇ ಕೆಲಸ. ಪ್ರತಿ ಪ್ರಶ್ನೆ ಕೆಳಗೆ ಚಿಕ್ಕ ಅಕ್ಷರದಲ್ಲಿ ನಿಯಮ ಬರೀರಿ.

ರಾಷ್ಟ್ರಗೀತೆ: ಮೊದಲ ಪದದ ದನಿ ಹೊರಟಾಗ ಗಡಿಯಾರ ಶುರು, ಗೀತೆ ಮುಗಿಸೋ ಪದ, ಅಂದ್ರೆ ಕೊನೇ ‘ಬ್ರೇವ್’ ನಿಂತಾಗ ಬಂದ್. ‘ಕೊನೇ’ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕಿ. 2019ರಲ್ಲಿ ಅಟ್ಲಾಂಟಾದಲ್ಲಿ ಗಾಯಕಿ ಗ್ಲಾಡಿಸ್ ನೈಟ್ ಆ ಪದವನ್ನ ಮತ್ತೆ ಎತ್ತಿಕೊಂಡ್ರು. ಮೊದಲನೇ ‘ಬ್ರೇವ್’ಗೆ ನಿಲ್ಲಿಸಿದವರಿಗೆ ಒಂದು ಉತ್ತರ, ಕೊನೇದಕ್ಕೆ ನಿಲ್ಲಿಸಿದವರಿಗೆ ಇನ್ನೊಂದು. ಕೆಲವು ಬುಕ್‌ಗಳು (ಬಾಜಿ ಕಟ್ಟಿಸಿಕೊಳ್ಳೋ ಕಂಪನಿಗಳು) ಎರಡೂ ಕಡೆಯವರಿಗೆ ದುಡ್ಡು ಕೊಟ್ಟು ಕೈ ತೊಳ್ಕೊಂಡವು. ನಿಮ್ಮ 75 ಡಾಲರ್ ಹುಂಡಿಗೆ ಅಷ್ಟು ಧಾರಾಳತನ ಸಾಧ್ಯವಿಲ್ಲ.

ಗೇಟೊರೇಡ್: ಗೆದ್ದ ತಂಡದ ಮುಖ್ಯ ಕೋಚ್ ಮೇಲೆ ಸುರಿದ ಮೊದಲ ಬಕೆಟ್ ಮಾತ್ರ ಲೆಕ್ಕ. ಹಳದಿ, ಹಸಿರು, ನಿಂಬೆ ಬಣ್ಣ ಮೂರನ್ನೂ ಒಂದೇ ಮನೆಗೆ ಹಾಕಿ, ಇಲ್ಲದಿದ್ರೆ ಟಿವಿ ಬೆಳಕಲ್ಲಿ ಯಾವುದು ಅಂತ ಹೇಳೋಕೇ ಆಗಲ್ಲ. ‘ನೀರು’, ‘ಸುರಿಯಲೇ ಇಲ್ಲ’ ಅನ್ನೋ ಆಯ್ಕೆಗಳೂ ಇರಲಿ. 2023, 2024 ಎರಡೂ ಸಲ ನೇರಳೆ, ಆದ್ರೆ ಎರಡೂ ಸಲ ಗೆದ್ದಿದ್ದು ಚೀಫ್ಸ್. 2025ರಲ್ಲಿ ಈಗಲ್ಸ್ ಗೆದ್ದಾಗ ಹಳದಿ. ಅಂದ್ರೆ ಬಣ್ಣ ಊಹಿಸೋಕೆ ಮುಂಚೆ ತಂಡ ಊಹಿಸಬೇಕು.

ನಾಣ್ಯ: ‘ಹೆಡ್ಸಾ ಟೇಲ್ಸಾ’ ಬೇರೆ, ‘ಟಾಸ್ ಗೆಲ್ಲೋರು ಯಾರು’ ಬೇರೆ, ‘ಮೊದಲು ಚೆಂಡು ಯಾರಿಗೆ’ ಇನ್ನೂ ಬೇರೆ. ಗೆದ್ದ ತಂಡ ಸಾಮಾನ್ಯವಾಗಿ ಆಯ್ಕೆಯನ್ನ ಎರಡನೇ ಅರ್ಧಕ್ಕೆ ಮುಂದೂಡುತ್ತೆ, ಆಗ ಮೊದಲು ಚೆಂಡು ಎದುರಾಳಿಗೆ. ಗೊತ್ತಿಲ್ಲದವರು ಇಲ್ಲೇ ಎಡವೋದು.

ಲೆಕ್ಕದಮೇಷ್ಟ್ರು
-110 ಅಂದ್ರೆ 110 ಕಟ್ಟಿದ್ರೆ 100 ಲಾಭ. ಅಸಲು ಉಳಿಯೋಕೆ 110ನ್ನ 210ರಿಂದ ಭಾಗಿಸಿ: 52.4% ಸಲ ಗೆಲ್ಲಬೇಕು. ಎರಡೂ ಕಡೆ -110 ಇದ್ರೆ ಒಟ್ಟು 104.8%. ಆ ಹೆಚ್ಚುವರಿ 4.8ರಲ್ಲೇ ಬುಕ್‌ನವರ ಲಾಭ ಇರೋದು. ನಾಣ್ಯಕ್ಕೆ -105 ಇಟ್ರೂ 51.2% ಬೇಕು, ನಾಣ್ಯ ಕೊಡೋದು 50. ಅದರಲ್ಲಿ ಜಾಣತನಕ್ಕೆ ಜಾಗವೇ ಇಲ್ಲ.

+900 ಅಂದ್ರೆ 100ಕ್ಕೆ 900 ಲಾಭ, 10%ಗಿಂತ ಹೆಚ್ಚು ಸಲ ಆಗಬೇಕು. ‘ಸೇಫ್ಟಿ ಆಗುತ್ತಾ?’ (ಚೆಂಡಿರೋ ತಂಡ ತನ್ನದೇ ಗೋಲ್ ಗೆರೆ ಹಿಂದಿನ ಎಂಡ್ ಜೋನ್‌ನಲ್ಲಿ ಸಿಕ್ಕಿಬಿದ್ದು ಎದುರಾಳಿಗೆ 2 ಪಾಯಿಂಟ್ ಹೋಗೋದು) ಅನ್ನೋದಕ್ಕೆ ‘ಹೌದು’ +900, ‘ಇಲ್ಲ’ -1600 ಇದೆ ಅಂತಿಟ್ಕೊಳ್ಳಿ. ‘ಇಲ್ಲ’ ಅನ್ನೋರಿಗೆ 94.1% ಬೇಕು. 2025ರವರೆಗಿನ 59 ಸೂಪರ್ ಬೌಲ್‌ಗಳಲ್ಲಿ 9 ಸೇಫ್ಟಿ ಬಂದಿವೆ, ಸುಮಾರು 15%. ಇದನ್ನ ನೋಡಿ ‘ಹೌದು’ಗೆ ಹಾರಬೇಡಿ. 2012, 2013, 2014 ಸತತ ಮೂರು ಸಲ ಬಂದು ಲೆಕ್ಕವನ್ನ ಉಬ್ಬಿಸಿದೆ. ಅದ್ರಲ್ಲೂ 2013ರದ್ದು ಬೇಕಂತಲೇ ಕೊಟ್ಟಿದ್ದು: ರೇವನ್ಸ್ 5 ಪಾಯಿಂಟ್ ಮುಂದಿತ್ತು, ಪಂಟರ್ (ಚೆಂಡನ್ನ ದೂರ ಒದೆಯೋ ಆಟಗಾರ) ಸ್ಯಾಮ್ ಕುಕ್ ಎಂಡ್ ಜೋನ್‌ನಲ್ಲೇ ಓಡಾಡಿ ಸಮಯ ತಿಂದು ಗೆರೆ ದಾಟಿದ್ರು, ಉಳಿದಿದ್ದು 4 ಸೆಕೆಂಡ್. 2014ರದ್ದು ಮೊದಲ ಸ್ನ್ಯಾಪ್‌ಗೇ (ಆಟ ಶುರುಮಾಡೋಕೆ ಚೆಂಡನ್ನ ಹಿಂದಕ್ಕೆ ಎಸೆಯೋದು) ಚೆಂಡು ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸೋ ಆಟಗಾರ) ಪೇಟನ್ ಮ್ಯಾನಿಂಗ್ ಪಕ್ಕದಿಂದ ಹಾರಿ ಹೋಗಿ, ಆಟ ಶುರುವಾದ 12 ಸೆಕೆಂಡಿಗೆ!

ಜನ ಯಾವಾಗಲೂ ‘ಆಗುತ್ತೆ’ ಕಡೆಗೇ ಕಟ್ತಾರೆ, ಯಾಕಂದ್ರೆ ಕೂಗೋಕೆ ಮಜಾ. 1986ರಲ್ಲಿ ಬೇರ್ಸ್‌ನ ವಿಲಿಯಂ ಪೆರಿ, ‘ರೆಫ್ರಿಜರೇಟರ್’ ಅಂತ ಕರೀತಿದ್ದ ಭಾರೀ ಆಸಾಮಿ, ಟಚ್‌ಡೌನ್ (ಚೆಂಡನ್ನ ಎದುರಾಳಿಯ ಎಂಡ್ ಜೋನ್‌ಗೆ ಒಯ್ದು 6 ಪಾಯಿಂಟ್ ಗಳಿಸೋದು) ಹೊಡೀತಾರಾ ಅನ್ನೋದಕ್ಕೆ ವೇಗಸ್‌ನಲ್ಲಿ 20ಕ್ಕೆ 1 ಇಂದ ಶುರುವಾದ ದರ ಜನ ಕಟ್ಟಿಕಟ್ಟಿ 2ಕ್ಕೆ 1ರವರೆಗೆ ಇಳೀತು. ಮೂರನೇ ಕ್ವಾರ್ಟರ್‌ನಲ್ಲಿ 1 ಗಜದಿಂದ ನುಗ್ಗಿಯೇಬಿಟ್ರು. ಕ್ಯಾಸಿನೊಗಳು ಸೋತವು, ಆದ್ರೆ ಇವತ್ತಿನ ಪ್ರಾಪ್ ಬೆಟ್ ಹುಚ್ಚಿಗೆ ದಾರಿ ಆಗಿದ್ದು ಅದೇ.

ಕುಡ್ಲದ_ಕಿಕ್ಕರ್
ಮಾರಾಯ್ರೆ, ಇದೆಲ್ಲ ಹಾಕುವ ಬದಲು ಮೈದಾನದಲ್ಲೇ ತೀರ್ಮಾನವಾಗುವ ವಿಚಿತ್ರಗಳನ್ನು ಹಾಕಿ, ಜಗಳವೇ ಇಲ್ಲ:

– ಕಿಕ್ ಗೋಲ್ ಕಂಬಕ್ಕೆ ಬಡಿಯುತ್ತದಾ? 2023ರಲ್ಲಿ ಹ್ಯಾರಿಸನ್ ಬಟ್ಕರ್ ಅವರ 42 ಗಜದ ಕಿಕ್ ಎಡ ಕಂಬಕ್ಕೆ ಬಡಿದದ್ದು.
– ಎಕ್ಸ್‌ಟ್ರಾ ಪಾಯಿಂಟ್ (ಟಚ್‌ಡೌನ್ ಆದ ಮೇಲೆ 1 ಪಾಯಿಂಟ್‌ಗೆ ಒದೆಯುವ ಕಿಕ್) ಯಾವುದಾದರೂ ತಪ್ಪುತ್ತದಾ? 2024ರಲ್ಲಿ ಫಾರ್ಟಿನೈನರ್ಸ್‌ನ ಕಿಕ್ ಒಂದನ್ನು ಚೀಫ್ಸ್ ತಡೆದದ್ದರಿಂದಲೇ ಸ್ಕೋರು ಸಮವಾಗಿ ಆಟ ಓವರ್‌ಟೈಮಿಗೆ ಹೋಯಿತು.
– ‘ಆಕ್ಟೋಪಸ್’ ಬರುತ್ತದಾ? ಟಚ್‌ಡೌನ್ ಹೊಡೆದವನೇ ಅದರ ಬೆನ್ನಿಗೆ 2 ಪಾಯಿಂಟ್ ಕನ್ವರ್ಶನ್ನನ್ನೂ (ಕಿಕ್ ಬದಲು ಚೆಂಡನ್ನು ಮತ್ತೆ ಎಂಡ್ ಜೋನಿಗೆ ಒಯ್ಯುವುದು) ಹೊಡೆಯುವುದು, ಒಟ್ಟು 8. 2023ರಲ್ಲಿ ಜೇಲನ್ ಹರ್ಟ್ಸ್ ಮಾಡಿದರು.
– ಮೊದಲ ಟಚ್‌ಡೌನ್ ಹೊಡೆದವನ ಜೆರ್ಸಿ ನಂಬರ್ ಸಮವೋ ಬೆಸವೋ? ಆಟ ಗೊತ್ತಿಲ್ಲದವರಿಗೆ ಇದು ಭಾರೀ ಖುಷಿ.

ಕ್ವಾರ್ಟರ್‌ಬ್ಯಾಕ್ ಓಡಿದ ಗಜಗಳ ಪ್ರಶ್ನೆ ಇಟ್ಟರೆ ಜಾಗ್ರತೆ. ಗೆಲ್ಲುವ ತಂಡದವನು ಕೊನೆಗೆ ಮಂಡಿಯೂರಿ ಸಮಯ ಕಳೆಯುತ್ತಾನೆ, ಹಿಂದೆ ಸರಿದ ಗಜ ಅವನ ಲೆಕ್ಕದಿಂದಲೇ ಹೋಗುತ್ತದೆ. 2020ರಲ್ಲಿ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ 44 ಗಜದಲ್ಲಿದ್ದರು. ಕೊನೆಯ ಮೂರು ಮಂಡಿಯಲ್ಲಿ 15 ಹೋಗಿ 29ಕ್ಕೆ ನಿಂತಿತು. 30ರ ಮೇಲೆ ಎಂದು ಕಟ್ಟಿದವರು ಗೆದ್ದೆವೆಂದು ಕುಣಿದು ಮುಗಿಸಿದ್ದರು!

ಹೆಂಚಿನದೋಸೆ
ಸೂಪರ್! ಇಬ್ಬರಿಗೆ ಸಮ ಬಂದ್ರೆ? ಬೆಂಗಳೂರಿಂದ ನನ್ನ ತಮ್ಮನೂ ವಿಡಿಯೋ ಕಾಲ್‌ನಲ್ಲಿ ಸೇರ್ತೀನಿ ಅಂತಿದಾನೆ.

ನಾಲ್ಕನೇಡೌನ್
ಹಾಳೆ ಕೊನೇಲಿ ‘ಎರಡೂ ತಂಡದ ಒಟ್ಟು ಪಾಯಿಂಟ್ ಎಷ್ಟು’ ಅಂತ ಒಂದು ಖಾಲಿ ಜಾಗ ಬಿಡಿ, ಹತ್ತಿರ ಬರೆದವರಿಗೆ ಹುಂಡಿ. ಓವರ್‌ಟೈಮ್ ಸೇರುತ್ತೆ ಅಂತ ನಮೂದಿಸಿ. ಹಾಳೆಗಳನ್ನ ರಾಷ್ಟ್ರಗೀತೆಗೆ ಮುಂಚೆ ವಾಪಸ್ ತಗೊಂಡು ಫೋಟೋ ತೆಗೆದಿಡಿ. ಸ್ಟ್ರೀಮಿಂಗ್ ಕೇಬಲ್‌ಗಿಂತ ಹಿಂದೆ ಓಡುತ್ತೆ, ಫೋನ್‌ನಲ್ಲಿ ಸ್ಕೋರ್ ನೋಡ್ಕೊಂಡು ತಿದ್ದೋರು ಇರ್ತಾರೆ.

ತಮ್ಮನಿಗೆ ಅಲ್ಲಿ ಸೋಮವಾರ ಬೆಳಗ್ಗೆ 5 ಗಂಟೆ, ಎದ್ರೆ ಪುಣ್ಯ. ಭಾರತದಲ್ಲಿ 2025ರ ಕಾಯ್ದೆ ಬಂದ ಮೇಲೆ ದುಡ್ಡಿನ ಆನ್‌ಲೈನ್ ಆಟಗಳಿಗೆ ನಿಷೇಧ ಇದೆ, ಹಾಗಾಗಿ ಅವನು ಪಾಯಿಂಟ್‌ಗೆ ಮಾತ್ರ ಆಡ್ಲಿ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಸ್ಪೋರ್ಟ್ಸ್‌ಬುಕ್‌ಗೆ ಕಾನೂನು ಒಪ್ಪಿಗೆ ಇಲ್ಲ, ಅಲ್ಲಿಂದ ಬರೋ ಗೆಳೆಯರು ಆ್ಯಪ್‌ನಲ್ಲಿ ಕಟ್ಟೋದಾದ್ರೆ ನಿಮ್ಮ ರಾಜ್ಯದೊಳಗೆ ಇದ್ದಾಗಲೇ ಕಟ್ಟಬೇಕು.