ಫೋಕ್ ಮೆಟಲ್ ಎಲ್ಲಿಂದ ಶುರು ಮಾಡೋದು? ಪಿಟೀಲು ಕೇಳಿಸೋದೇ ಇಲ್ಲ!

ಏಕತಾರಿ:
ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಶರೀಫರ ಹಾಡುಗಳನ್ನು ಹಾಡಿರೋ ರೀತಿ ತುಂಬಾ ಇಷ್ಟ. ಮೆಟಲ್ ಅಂದ್ರೆ ಮೆಟಾಲಿಕಾದ ಹಳೇ ಆಲ್ಬಂಗಳಷ್ಟೇ ಗೊತ್ತು. ಜನಪದ, ಮೆಟಲ್ ಎರಡೂ ಸೇರಿದ್ದು ಬೇಕು ಅಂತ ಎಲ್ವೈಟಿ ಅನ್ನೋ ಫೋಕ್ ಮೆಟಲ್ ತಂಡದವರ 'ಸ್ಲಾನಿಯಾ' ಆಲ್ಬಂ ಹಾಕಿದ್ರೆ, ಪಿಟೀಲು, ಕೊಳಲು ಎಲ್ಲಾ ಗಿಟಾರ್ ಅಡಿ ಹೂತುಹೋಗುತ್ತೆ. ಕೇಳೋದು ಫೋನ್ ಸ್ಪೀಕರ್‌ನಲ್ಲಿ, ಇಲ್ಲಾಂದ್ರೆ ಬಾಸ್ ಬೂಸ್ಟ್ (ಕೆಳದನಿ ಏರಿಸೋ ಸೆಟ್ಟಿಂಗ್) ಹಾಕಿದ ಇಯರ್‌ಫೋನ್‌ನಲ್ಲಿ. ಯಾವ ಆಲ್ಬಂ ಮೊದಲು ಕೇಳಲಿ? ಇನ್ನೊಂದು, ಮೆಟಾಲಿಕಾದ 'ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಬಾಸ್ ಗಿಟಾರೇ ಕೇಳಿಸಲ್ಲವಲ್ಲ, ಈಕ್ವಲೈಜರ್‌ನಲ್ಲಿ (ಕೆಳ, ನಡು, ಮೇಲಿನ ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸೋ ಸೆಟ್ಟಿಂಗ್) ಸರಿ ಮಾಡಬಹುದಾ?

ಕೆಳಶ್ರುತಿ:
ಮೊದಲು ಬಾಸ್ ಬೂಸ್ಟ್ ಆಫ್ ಮಾಡಿ. ಅರ್ಧ ಸಮಸ್ಯೆ ಅಲ್ಲೇ ಇದೆ.

ಪಿಟೀಲಿನ ಕೆಳಗಿನ ತಂತಿ ಪಾಶ್ಚಾತ್ಯ ಶ್ರುತಿಯಲ್ಲಿ 196 ಹರ್ಟ್ಸ್. ಆದರೆ ಅದರ ಹೊಳಪು, ಕಮಾನು ಉಜ್ಜುವ ಸದ್ದು ಇರೋದು 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಡಿಸ್ಟಾರ್ಷನ್ ಹಾಕಿದ (ದನಿಯನ್ನು ಬೇಕಂತಲೇ ಒರಟು ಮಾಡಿದ) ಗಿಟಾರ್‌ನ ಹರಿತವೂ ಅಲ್ಲೇ. ಅದಕ್ಕೇ ಮೆಟಲ್‌ನಲ್ಲಿ ಒಂದೇ ರಿಫ್ಫನ್ನು (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಳ್ಳಿ, ನಡುವಿನ ಜಾಗವನ್ನು ಗಾಯನಕ್ಕೂ ಪಿಟೀಲಿಗೂ ಬಿಡ್ತಾರೆ. ಫೋನ್ ಸ್ಪೀಕರ್‌ನಲ್ಲಿ ಎಡ, ಬಲ, ನಡು ಎಲ್ಲಾ ಒಂದೇ ಕಡೆ ಬಂದು ಬೀಳೋದ್ರಿಂದ ಆ ಜಾಗವೇ ಉಳಿಯಲ್ಲ. ಸಾಧಾರಣ ತಂತಿಯ ಇಯರ್‌ಫೋನ್ ಆದ್ರೂ ಸಾಕು. ಈಕ್ವಲೈಜರ್‌ನಲ್ಲಿ 200ರಿಂದ 400 ಹರ್ಟ್ಸ್ ನಡುವೆ 2–3 ಡೆಸಿಬಲ್ ಇಳಿಸಿ ನೋಡಿ, ಮಂಕು ಹೋಗುತ್ತೆ. 3 ಕಿಲೋಹರ್ಟ್ಸ್ ಏರಿಸೋಕೆ ಹೋಗಬೇಡಿ, ಪಿಟೀಲಿನ ಜೊತೆ ಗಿಟಾರೂ ಏರಿ ಕಿವಿ ಚುಚ್ಚುತ್ತೆ.

ಆಮೇಲೆ ಅದೇ ಎಲ್ವೈಟಿಯವರ 'ಎವೊಕೇಷನ್ 1' (2009) ಕೇಳಿ. ಹೆಚ್ಚುಕಮ್ಮಿ ಪೂರ್ತಿ ಅಕೌಸ್ಟಿಕ್, ಅಂದ್ರೆ ಎಲೆಕ್ಟ್ರಿಕ್ ಗಿಟಾರ್ ಗದ್ದಲ ಇಲ್ಲ. ಅದರಲ್ಲಿ ಹರ್ಡಿ-ಗರ್ಡಿ ಅನ್ನೋ ವಾದ್ಯ ಇದೆ: ಹಿಡಿಕೆ ತಿರುಗಿಸಿದ್ರೆ ಚಕ್ರವೊಂದು ತಂತಿಗಳನ್ನು ಉಜ್ಜುತ್ತಾ ಹೋಗುತ್ತೆ, ಒಂದೆರಡು ತಂತಿ ನಿಲ್ಲದೆ ಶ್ರುತಿ ಹಿಡಿದಿರುತ್ತವೆ. ಆ ಗುಂಯ್‌ ಸದ್ದು ಒಮ್ಮೆ ಕಿವಿಗೆ ಹತ್ತಿದ್ರೆ 'ಸ್ಲಾನಿಯಾ'ದ ಗದ್ದಲದಲ್ಲೂ ಅದನ್ನು ಹುಡುಕಿಕೊಳ್ಳಬಹುದು.

ಹಳೇ ಎಲ್‌ಪಿ:
ಶರೀಫರಿಂದ ಬಂದವರಿಗೆ ನನ್ನ ಪ್ರಕಾರ ಬಾಗಿಲು ಒಂದೇ: ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ 'ಲೀಜ್ ಆ್ಯಂಡ್ ಲೀಫ್', 1969. ಇಂಗ್ಲೆಂಡ್, ಸ್ಕಾಟ್‌ಲೆಂಡಿನ ಹಳೇ ಲಾವಣಿಗಳಿಗೆ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಕೂಡಿಸಿದ್ದಾರೆ, ಕಥೆಗೆ ಮಾತ್ರ ಕೈ ಹಚ್ಚಿಲ್ಲ. ಅದರಲ್ಲಿ 'ಮ್ಯಾಟಿ ಗ್ರೋವ್ಸ್' ಅನ್ನೋ ಹಾಡು ಎಂಟು ನಿಮಿಷದ್ದು. ಗಾಯಕಿ ಸ್ಯಾಂಡಿ ಡೆನಿ ಕೊಲೆಯ ಪದ್ಯವನ್ನೂ ಏರಿಳಿತ ಇಲ್ಲದೆ ಹೇಳಿ ಮುಗಿಸ್ತಾರೆ. ಹಾಡು ಮುಗಿದ ಮೇಲೆ ಸ್ವಾರ್‌ಬ್ರಿಕ್‌ರ ಪಿಟೀಲೂ ಥಾಂಪ್ಸನ್‌ರ ಗಿಟಾರೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗೋದನ್ನ ಗಮನವಿಟ್ಟು ಕೇಳಿ. ಫೋಕ್ ಮೆಟಲ್‌ನ ಬೀಜ ಅಲ್ಲಿದೆ.

ನಂತರ ಬ್ಲ್ಯಾಕ್ ಸಬ್ಬತ್ ತಂಡದ 'ಮಾಸ್ಟರ್ ಆಫ್ ರಿಯಾಲಿಟಿ' (1971). ಕಾರ್ಖಾನೆಯ ಅಪಘಾತದಲ್ಲಿ ಬೆರಳ ತುದಿ ಕಳಕೊಂಡಿದ್ದ ಅವರ ಗಿಟಾರಿಸ್ಟ್ ಟೋನಿ ಅಯೋಮಿ ಇಲ್ಲಿ ಹಲವು ಹಾಡುಗಳಿಗೆ ತಂತಿಗಳನ್ನು ಮೂರು ಸ್ವರಸ್ಥಾನ ಇಳಿಸಿ ಸಡಿಲ ಮಾಡಿಕೊಂಡರು. ಆಮೇಲಿನ ಮೆಟಲ್‌ನ ಭಾರಕ್ಕೆ ದಾರಿ ಹಾಕಿದ್ದು ಆ ಸಡಿಲ ತಂತಿ. ನಡುವೆ 'ಆರ್ಕಿಡ್' ಅಂತ ಪುಟ್ಟ ಅಕೌಸ್ಟಿಕ್ ತುಣುಕಿದೆ, ದಾಟಿಸಬೇಡಿ.

ಇವೆರಡಾದ ಮೇಲೆ ಸ್ಕೈಕ್ಲ್ಯಾಡ್ ತಂಡದ ಮೊದಲ ಆಲ್ಬಂ (1991). ಥ್ರಾಶ್ ಅನ್ನೋ ವೇಗದ ಮೆಟಲ್‌ನ ರಿಫ್ಫಿನ ಮಧ್ಯೆ ಪಿಟೀಲು ಅಲ್ಲಲ್ಲಿ ಮಾತ್ರ ಬರುತ್ತೆ, ಕಾಯಬೇಕು. ಕುಣಿಯೋ ಮನಸ್ಸಿದ್ರೆ ಫಿನ್‌ಟ್ರೋಲ್‌ನ 'ನಾಟ್‌ಫ್ಯೋಡ್' (2004). ಫಿನ್ಲೆಂಡಿನ ಹುಂಪ್ಪಾ ನಡೆ ಅದು: ತಾಳದ ಪೆಟ್ಟಿನ ಮೇಲೆ ಬಾಸ್, ಎರಡು ಪೆಟ್ಟುಗಳ ನಡುವೆ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳು).

ತಮಟೆ_ಡಬಲ್‌ಬಾಸ್:
ಲೆಡ್ ಜೆಪ್ಲಿನ್‌ನ ಬಿಟ್ಟೇಬಿಟ್ರಲ್ಲ! ನಾಲ್ಕನೇ ಆಲ್ಬಂನ 'ದ ಬ್ಯಾಟಲ್ ಆಫ್ ಎವರ್‌ಮೋರ್'ನಲ್ಲಿ ಡ್ರಮ್ಸೇ ಇಲ್ಲ. ಮ್ಯಾಂಡೊಲಿನ್, ಗಿಟಾರ್, ಗಾಯಕ ರಾಬರ್ಟ್ ಪ್ಲಾಂಟ್ ಜೊತೆ ಇದೇ ಸ್ಯಾಂಡಿ ಡೆನಿ. ತಾಳವಾದ್ಯ ಇಲ್ಲದೆಯೂ ಯುದ್ಧದ ಬಿರುಸು ತಂದಿದ್ದಾರೆ.

'ಜಸ್ಟಿಸ್' (1988) ವಿಷಯ: ಈಕ್ವಲೈಜರ್‌ನಿಂದ ಆಗಲ್ಲ. ಜೇಸನ್ ನ್ಯೂಸ್ಟೆಡ್ ನುಡಿಸಿದ ಬಾಸ್ ಬಹುತೇಕ ಗಿಟಾರ್ ರಿಫ್ಫಿನ ಜೊತೆಗೇ ಹೋಗುತ್ತೆ, ಮೇಲಾಗಿ ವಾದ್ಯಗಳನ್ನೆಲ್ಲ ಕೂಡಿಸೋ ಮಿಕ್ಸ್‌ನಲ್ಲೇ ಅದನ್ನು ಇಳಿಸಿಟ್ಟಿದ್ದಾರೆ. 80–100 ಹರ್ಟ್ಸ್ ಏರಿಸಿದ್ರೆ ಮೇಲೆ ಬರೋದು ಕಾಲಲ್ಲಿ ಬಡಿಯೋ ಕಿಕ್ ಡ್ರಮ್ಮೂ ಗಿಟಾರ್‌ನ ಕೆಳದನಿಯೂ. 2018ರ ರೀಮಾಸ್ಟರ್‌ನಲ್ಲೂ ಮಿಕ್ಸ್ ಬದಲಾಗಿಲ್ಲ, ಬಾಸ್‌ಗೋಸ್ಕರ ಅದನ್ನು ಕೊಳ್ಳಬೇಡಿ. 'ಡೆತ್ ಮ್ಯಾಗ್ನೆಟಿಕ್' (2008) ಸಿ.ಡಿ.ಯದು ಬೇರೆ ರೋಗ, ವಾಲ್ಯೂಮ್ ಅತಿಯಾಗಿ ತುಂಬಿ ಅಲೆಯ ತುದಿಗಳೇ ಕತ್ತರಿಸಿಹೋಗಿವೆ. ಸದ್ದು ಕಮ್ಮಿ ಮಾಡಿದ್ರೂ ಆ ಒರಟು ಹೋಗಲ್ಲ.

ಏಕತಾರಿ:
ಬಾಸ್ ಬೂಸ್ಟ್ ತೆಗೆದೆ, ಕೊಳಲು ಈಗ ಬಿಡಿಯಾಗಿ ಕೇಳ್ತಿದೆ! 'ಲೀಜ್ ಆ್ಯಂಡ್ ಲೀಫ್' ಶುರು ಮಾಡ್ತೀನಿ. ಡೊಳ್ಳು ಹಾಕಿದ ಮೆಟಲ್ ಯಾಕೆ ಇಷ್ಟು ಅಪರೂಪ?

ತಮಟೆ_ಡಬಲ್‌ಬಾಸ್:
ಡೊಳ್ಳಿನ ಗುಡುಗು ಕೆಳದನಿಯದು, ಗುಂಗು ಬೇಗ ಆರಲ್ಲ. ಡಬಲ್ ಬಾಸ್ ಡ್ರಮ್ (ಎರಡೂ ಕಾಲಲ್ಲಿ ಬಡಿಯೋ ಕಿಕ್) ವೇಗವಾಗಿ ಓಡುವಾಗ ಅದೂ ಅದೇ ಜಾಗದಲ್ಲಿ, ಎರಡೂ ಕಲೆಸಿ ಬರೀ ದಡದಡ ಉಳಿಯುತ್ತೆ. ಡೊಳ್ಳು ಬೇಕಂದ್ರೆ ಆ ಸಾಲುಗಳಲ್ಲಿ ಕಿಕ್ ನಿಲ್ಲಿಸಬೇಕು, ಇಲ್ಲಾ ಕಿಕ್‌ನ ಬಡಿತದ 'ಟಕ್' ಮಾತ್ರ ಉಳಿಸಿ ಕೆಳದನಿ ಕತ್ತರಿಸಬೇಕು. ತಮಟೆಗೆ ಈ ತೊಂದರೆ ಕಮ್ಮಿ, ಬೆಂಕಿಗೆ ಕಾಯಿಸಿದ ಚರ್ಮದ ಚುರುಕು ಸದ್ದು ಗಿಟಾರ್ ಗೋಡೆ ಸೀಳಿಕೊಂಡು ಬರುತ್ತೆ. ದೆಹಲಿಯ ಬ್ಲಡಿವುಡ್‌ನವರ 'ರಕ್ಷಕ್' (2022) ಹಾಕಿ ಢೋಲ್ ಗಮನಿಸಿ: ತೆಳು ಕೋಲು ಬೀಳೋ ಬದಿಯೇ ಕಿವಿಗೆ ತಾಗೋದು, ದಪ್ಪ ಬದಿ ಗಿಟಾರ್ ನಿಂತಾಗಷ್ಟೇ ಸರಿಯಾಗಿ ಕೇಳುತ್ತೆ.