ನ್ಯಾರೋಬೋಟಿನ ಒಳಾಂಗಣಕ್ಕೆ ಹಳೆಯ ಮರ: ಮಾಡಿ ನೋಡಿದವರ ಅನುಭವಗಳು

ಪ್ರಶ್ನೆ: ಬ್ರಾನ್‌ಸ್ಟನ್ ಸಮೀಪ, ನಾರ್ಥಾಂಪ್ಟನ್‌ಶೈರ್

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನಲ್ಲಿರುವ ನಾವು, ಬಾಡಿಗೆ ಮನೆ ಬಿಟ್ಟು ಕಾಲುವೆಯ ಮೇಲೆಯೇ ವಾಸಿಸಬೇಕೆಂದು ಈ ವರ್ಷ 57 ಅಡಿ ಉದ್ದದ ನ್ಯಾರೋಬೋಟ್ (ಇಲ್ಲಿನ ಕಾಲುವೆಗಳಿಗೆ ಹೊಂದುವ ಕಿರಿದಾದ ದೋಣಿ) ಒಂದನ್ನು ಕೊಂಡಿದ್ದೇವೆ. ಉಕ್ಕಿನ ಒಡಲು, ಎಂಜಿನ್, ಕಿಟಕಿಗಳು, ನೆಲಕ್ಕೆ ಹಾಸಿದ ಪ್ಲೈವುಡ್, ಚಳಿ ತಡೆಯಲು ಒಳಗೋಡೆಗೆ ಸಿಂಪಡಿಸಿದ ಫೋಮ್ ಮತ್ತು ಅದರ ನಡುವೆ ಕಾಣುವ ರೀಪುಗಳು, ಇವಿಷ್ಟೇ ಸದ್ಯಕ್ಕೆ ಅದರಲ್ಲಿರುವುದು. ಉಳಿದುದನ್ನೆಲ್ಲ ಹಳೆಯ ಮರದಿಂದಲೇ ಮಾಡಿಕೊಳ್ಳಬೇಕೆಂಬುದು ನಮ್ಮ ಆಸೆ. ಕಟ್ಟಡದ ಸಾರುವೆಗೆ ಬಳಸಿ ಬಿಟ್ಟ ನಲವತ್ತು ಹಲಗೆಗಳು ಅಗ್ಗವಾಗಿ ದೊರೆತಿದ್ದು, ಅವು ಸದ್ಯ ಟಾರ್ಪಾಲಿನ ಅಡಿಯಲ್ಲಿವೆ. ಅವುಗಳನ್ನು ನೇರವಾಗಿ ಗೋಡೆಗೆ ಹೊಡೆಯಬಹುದೇ? ಬೇರೆ ಯಾವ ಮರ ಹುಡುಕಬೇಕು, ಯಾವುದನ್ನು ಮುಟ್ಟಬಾರದು? ನನಗೆ ಮರಗೆಲಸ ಅಲ್ಪಸ್ವಲ್ಪ ಬರುತ್ತದೆ. ನನ್ನ ಹೆಂಡತಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಉತ್ತರ: ವಾರಿಕ್‌ಶೈರ್‌ನಿಂದ, ಎರಡು ದೋಣಿಗಳ ಒಳಗೆಲಸ ಮಾಡಿದವನು

ಆ ಹಲಗೆಗಳನ್ನು ಇದ್ದ ಹಾಗೆಯೇ ಹೊಡೆಯಬೇಡಿ. ನನ್ನ ಮೊದಲ ದೋಣಿಯಲ್ಲಿ ನಾನು ಮಾಡಿದ್ದು ಅದನ್ನೇ, ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಕಿತ್ತು ಹಾಕಿದ್ದೂ ನಾನೇ.

ಮೊದಲು ಲೆಕ್ಕ ನೋಡೋಣ. ಇಲ್ಲಿನ ಸಾರುವೆ ಹಲಗೆ ಸಾಮಾನ್ಯವಾಗಿ 38 ಮಿ.ಮೀ. ದಪ್ಪ, 225 ಮಿ.ಮೀ. ಅಗಲ, 3.9 ಮೀಟರ್ ಉದ್ದವಿರುತ್ತದೆ. ಚೆನ್ನಾಗಿ ಒಣಗಿದ್ದರೂ ಒಂದೊಂದು ಸುಮಾರು 16 ಕಿಲೋ ತೂಗುತ್ತದೆ; ಅಂದರೆ ನಿಮ್ಮ ನಲವತ್ತು ಹಲಗೆಗಳು 640 ಕಿಲೋ, ನೀರು ಕುಡಿದಿದ್ದರೆ ಇನ್ನೂ ಹೆಚ್ಚು. ನಿಮ್ಮ ಅಳತೆಯ ದೋಣಿ ಸುಮಾರು 800 ಕಿಲೋಗೆ ಒಂದು ಅಂಗುಲದಂತೆ ನೀರಿನಲ್ಲಿ ಇಳಿಯುತ್ತದೆ, ಆದ್ದರಿಂದ ದೋಣಿ ಮುಳುಗುವ ಭಯವೇನೂ ಇಲ್ಲ. ತೊಂದರೆ ಇರುವುದು ಆ ಭಾರ ಎಷ್ಟು ಎತ್ತರದಲ್ಲಿದೆ ಎಂಬುದರಲ್ಲಿ. ನ್ಯಾರೋಬೋಟಿಗೆ ಹೇಗೂ ತಳಭಾರ ಬೇಕು. ಅದಕ್ಕಾಗಿಯೇ ನೆಲದ ಪ್ಲೈವುಡ್ಡಿನ ಕೆಳಗೆ ಗಟ್ಟಿ ಇಟ್ಟಿಗೆಗಳನ್ನೋ ಕಾಂಕ್ರೀಟ್ ಚಪ್ಪಡಿಗಳನ್ನೋ ಜೋಡಿಸಿರುತ್ತಾರೆ. ಹಾಗಾಗಿ ಭಾರದ ಮರವನ್ನು ನೆಲಕ್ಕೆ, ಮಂಚದ ಚೌಕಟ್ಟಿಗೆ, ಕೂರುವ ಪೆಟ್ಟಿಗೆಗಳಿಗೆ ಧಾರಾಳವಾಗಿ ಬಳಸಿ, ಅಷ್ಟೇ ತೂಕದ ಚಪ್ಪಡಿಗಳನ್ನು ಹೊರತೆಗೆಯಬಹುದು. ಅದೇ ಮರ ಕಿಟಕಿಗಳ ಮೇಲ್ಭಾಗಕ್ಕೂ ಚಾವಣಿಗೂ ಹೋದರೆ, ದಡದಿಂದ ಒಬ್ಬರು ಕಾಲಿಟ್ಟರೆ ಸಾಕು, ಒಲೆಯ ಮೇಲಿನ ಸಾರು ತುಳುಕುವಷ್ಟು ದೋಣಿ ಹೊರಳುತ್ತದೆ.

ಎರಡನೆಯದು ಅಗಲ. 1766ರಲ್ಲಿ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ಕೆಲಸ ಆರಂಭಿಸಿದ ಜೇಮ್ಸ್ ಬ್ರಿಂಡ್ಲಿ, ನೀರಿನ ಮಟ್ಟ ಏರಿಳಿಸುವ ಲಾಕ್‌ಗಳನ್ನು ಸುಮಾರು 7 ಅಡಿ ಅಗಲಕ್ಕೆ ನಿಗದಿಪಡಿಸಿದ ಕಾರಣ, ಇಂದಿಗೂ ನಮ್ಮ ದೋಣಿಗಳು ಹೊರಮೈಯಲ್ಲಿ 6 ಅಡಿ 10 ಅಂಗುಲಕ್ಕೆ ನಿಲ್ಲುತ್ತವೆ. ಉಕ್ಕು, ಫೋಮ್, ರೀಪು ಕಳೆದರೆ ಒಳಗೆ ಉಳಿಯುವುದು ಸುಮಾರು 6 ಅಡಿ. ಒಂಬತ್ತು ಮಿ.ಮೀ. ಹಲಗೆಯ ಬದಲು ಎರಡೂ ಕಡೆ 38 ಮಿ.ಮೀ. ಹಲಗೆ ಹೊಡೆದರೆ ಎರಡು ಅಂಗುಲಕ್ಕಿಂತ ಹೆಚ್ಚು ಜಾಗ ಹೋಗುತ್ತದೆ. ಮನೆಯಲ್ಲಿ ಎರಡು ಅಂಗುಲ ಯಾರ ಗಮನಕ್ಕೂ ಬರುವುದಿಲ್ಲ; ಇಲ್ಲಿ ಮಾತ್ರ ಬಚ್ಚಲಿನ ಪಕ್ಕದ ಓಣಿಯಲ್ಲಿ ಪ್ರತಿದಿನ ಭುಜ ತಾಗಿಸಿಕೊಂಡು ಅದನ್ನು ನೆನೆಯುತ್ತೀರಿ.

ಆದ್ದರಿಂದ ಸೀಳಿಸಿ. ಮೊದಲು ಹಲಗೆಯನ್ನು ಅಗಲದಲ್ಲಿ ಎರಡಾಗಿಸಿ, ಆಮೇಲೆ ದಪ್ಪದಲ್ಲಿ ಬ್ಯಾಂಡ್‌ಸಾ ಗರಗಸದಿಂದ ಎರಡೋ ಮೂರೋ ಸೀಳು ತೆಗೆಸಿದರೆ, ಕೀಸಿದ ಮೇಲೆ ಎರಡು ಸೀಳಿನದು 14 ಮಿ.ಮೀ., ಮೂರು ಸೀಳಿನದು 8ರಿಂದ 9 ಮಿ.ಮೀ. ಉಳಿಯುತ್ತದೆ. ಕಿಟಕಿಯ ಕೆಳಗಿನ ಗೋಡೆಗೆ ಮೊದಲನೆಯದು, ಮೇಲಕ್ಕೆ ಎರಡನೆಯದು. ಅಗಲ ಹಾಗೆಯೇ ಬಿಟ್ಟು ಸೀಳಿದರೆ ಹಲಗೆ ದೊನ್ನೆಯಂತೆ ಬಾಗುತ್ತದೆ, ನನ್ನದು ಬಾಗಿತ್ತು. ತುದಿಗಳಲ್ಲಿ ಲೋಹದ ಪಟ್ಟಿಯೂ ಸಿಮೆಂಟೂ ಇರುವುದರಿಂದ ಗರಗಸಕ್ಕೆ ಕೊಡುವ ಮುನ್ನ ಎರಡೂ ಕೊನೆಗಳನ್ನು ಒಂದೊಂದು ಗೇಣು ಕತ್ತರಿಸಿ ಎಸೆಯಿರಿ.

ಇನ್ನೊಂದು ಮಾತು. ಮಟ್ಟಗೋಲನ್ನು ದಡದಲ್ಲೇ ಬಿಟ್ಟು ಬನ್ನಿ. ತೇಲುವ ದೋಣಿಯಲ್ಲಿ ನೀವು ಎಡದಿಂದ ಬಲಕ್ಕೆ ನಡೆದರೂ ಅದರ ಗುಳ್ಳೆ ಸರಿಯುತ್ತದೆ, ತೂಗುಗುಂಡೂ ಅಷ್ಟೇ. ಎಲ್ಲ ಅಳತೆಯನ್ನೂ ನೆಲದಿಂದಲೋ ಉಕ್ಕಿನಿಂದಲೋ ಮೂಲೆಮಟ್ಟ ಹಿಡಿದು ತೆಗೆಯಬೇಕು. ಕ್ಯಾಬಿನ್ನಿನ ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲಿರುತ್ತವೆ, ಚಾವಣಿ ಕಮಾನಿನಂತೆ ಬಾಗಿರುತ್ತದೆ. ಆದ್ದರಿಂದ ಪ್ರತಿ ಅಡ್ಡಗೋಡೆಗೂ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಗೋಡೆಗೆ ಒತ್ತಿ ಗೆರೆ ಹಾಕಿ, ಆಮೇಲಷ್ಟೇ ಮರಕ್ಕೆ ಕೈ ಹಾಕಿ.

ಉತ್ತರ: ಬೆಂಗಳೂರಿನಿಂದ, ಹಳೆಯ ಮರದ ಪೀಠೋಪಕರಣ ಮಾಡುವವರು

ನಾನು ದೋಣಿಯಲ್ಲಿ ಕೆಲಸ ಮಾಡಿದವನಲ್ಲ. ಕೆಡವಿದ ತೊಟ್ಟಿ ಮನೆಗಳ ತೊಲೆ, ಜಂತೆ, ಬಾಗಿಲುವಾಡಗಳನ್ನು ಕೊಂಡು ಮೇಜು ಕುರ್ಚಿ ಮಾಡುವುದು ನನ್ನ ಕಸುಬು. ಊರು ಯಾವುದಾದರೂ ಹಳೆಯ ಮರದ ಸ್ವಭಾವ ಒಂದೇ ಆದ್ದರಿಂದ ಒಂದೆರಡು ವಿಷಯ ಹೇಳುತ್ತೇನೆ.

ಮರ ಹಳೆಯದಾದ ಮಾತ್ರಕ್ಕೆ ಒಣಗಿದೆ ಎಂದು ತಿಳಿಯಬೇಡಿ. ಬಯಲಿನಲ್ಲಿ ಟಾರ್ಪಾಲಿನ ಕೆಳಗಿದ್ದ ಹಲಗೆಯಲ್ಲಿ ಶೇ. 20ರಷ್ಟು ತೇವ ಇರಬಹುದು. ಬೆಚ್ಚಗಿನ ಕೋಣೆಯಲ್ಲಿ ಅದು ಶೇ. 10ರ ಸುತ್ತಮುತ್ತ ಇಳಿಯುತ್ತದೆ. ಆ ಇಳಿತಕ್ಕೆ 225 ಮಿ.ಮೀ. ಅಗಲದ ಪೈನ್ ಜಾತಿಯ ಹಲಗೆ ಸುಮಾರು 5 ಮಿ.ಮೀ. ಕುಗ್ಗುತ್ತದೆ. ತೇವ ಅಳೆಯುವ ಮೀಟರಿಗೆ ಹೆಚ್ಚು ಬೆಲೆಯಿಲ್ಲ, ಒಂದನ್ನು ಇಟ್ಟುಕೊಳ್ಳಿ. ಸೀಳಿದ ಹಲಗೆಗಳ ನಡುವೆ ಗಾಳಿಯಾಡುವಂತೆ ಸಣ್ಣ ರೀಪು ಕೊಟ್ಟು, ಎಲ್ಲಿ ಬಳಸುತ್ತೀರೋ ಅಲ್ಲಿಯೇ ಕೆಲವು ವಾರ ಪೇರಿಸಿಟ್ಟು, ಅಂಕಿ ಕೆಳಗಿಳಿಯುವುದು ನಿಂತ ಮೇಲೆ ಬಳಸಿ.

ಕುಟ್ಟೆ ಹಿಡಿದ ಮರ ಎಷ್ಟು ಚೆಂದವಿದ್ದರೂ ಒಳಗೆ ತರಬೇಡಿ. ತೂತುಗಳು ಹಳೆಯವೋ ಹೊಸವೋ ತಿಳಿಯಬೇಕಾದರೆ ಕರಿಯ ಕಾಗದದ ಮೇಲೆ ಹಲಗೆಯನ್ನಿಟ್ಟು ಒಂದೆರಡು ವಾರ ನೋಡಿ. ಬಿಳಿಯ ಹುಡಿ ಉದುರಿದ್ದರೆ ಹುಳು ಇನ್ನೂ ಬದುಕಿದೆ. ಮೊಳೆಗಳ ವಿಷಯದಲ್ಲಿ ಕಣ್ಣನ್ನು ನಂಬಬೇಡಿ, ಲೋಹಶೋಧಕ ಆಡಿಸಿ. ಮುರಿದು ಒಳಗೇ ಉಳಿದ ಒಂದು ಮೊಳೆ ಯಂತ್ರದ ಕೀಸುಳಿಯ ಅಲಗನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ನನ್ನ ಕಾರ್ಖಾನೆಯಲ್ಲಿ ಮೊಳೆ ಕೀಳುವ ಹಿರಿಯರೊಬ್ಬರಿದ್ದಾರೆ. ಅವರು ಕೈಯಾಡಿಸಿ ಒಪ್ಪಿಗೆ ಕೊಡದೆ ಯಾವ ತೊಲೆಯೂ ಯಂತ್ರಕ್ಕೆ ಹೋಗುವುದಿಲ್ಲ, ಅವರ ಮೇಲೆ ಲೋಹಶೋಧಕದ ಕಣ್ಗಾವಲೂ ಇರುತ್ತದೆ.

ಉತ್ತರ: ಹೆಬ್ಡನ್ ಬ್ರಿಜ್, ವೆಸ್ಟ್ ಯಾರ್ಕ್‌ಶೈರ್

ಹುಡುಕಬೇಕಾದ ಮರದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನಾನು ನಾಲ್ಕು ವರ್ಷ ಮಾಡಿದ್ದು ಬಹುತೇಕ ಅದನ್ನೇ. ದೋಣಿ ಮುಗಿದದ್ದು ಆಮೇಲೆ.

ನನಗೆ ಸಿಕ್ಕಿದ್ದರಲ್ಲಿ ಅತ್ಯುತ್ತಮವಾದುದು ಹಳೆಯ ಶಾಲೆಯ ವಿಜ್ಞಾನ ಪ್ರಯೋಗಾಲಯದ ಮೇಜುಹಲಗೆ. ಇವು ಸಾಮಾನ್ಯವಾಗಿ ಆಫ್ರಿಕದ ಇರೋಕೊ ಮರದವು, ಅಪರೂಪಕ್ಕೆ ತೇಗದವೂ ಉಂಟು. ನೀರಿಗೆ ಜಗ್ಗದ ಮರವಾದ್ದರಿಂದ ಅಡುಗೆ ಕಟ್ಟೆಗೂ ಕಿಟಕಿಯ ಅಡಿಹಲಗೆಗೂ ಇದಕ್ಕಿಂತ ಒಳ್ಳೆಯದಿಲ್ಲ. ಗ್ಯಾಸ್ ನಲ್ಲಿಯ ತೂತುಗಳಿಗೆ ಅದೇ ಮರದ ಬಿರಡೆ ಹೊಡೆದೆ. ವಿದ್ಯಾರ್ಥಿಗಳು ಕೆತ್ತಿದ ಹೆಸರುಗಳನ್ನು ಕೀಸದೆ ಉಳಿಸಿಕೊಂಡೆ, ಕೆಳಗೆ ಅಂಟಿಸಿದ್ದ ಚೂಯಿಂಗ್ ಗಮ್ಮನ್ನು ಮಾತ್ರ ಎರಡು ದಿನ ಕೆರೆದು ತೆಗೆದೆ. ಇರೋಕೊ ಹುಡಿ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಸರಿಯಾದ ಮುಖಗವಸಿಲ್ಲದೆ ಉಜ್ಜಬೇಡಿ, ದೋಣಿಯೊಳಗಂತೂ ಬೇಡವೇ ಬೇಡ.

ಮುಚ್ಚಿದ ಚರ್ಚುಗಳ ಪಿಚ್ ಪೈನ್ ಬೆಂಚುಗಳೂ ಸಿಗುತ್ತವೆ. ಗಟ್ಟಿಮುಟ್ಟಾದ ಮರ, ಜೇನಿನ ಬಣ್ಣ. ಆದರೆ ಅಂಟು ಹೆಚ್ಚಿರುವುದರಿಂದ ಉಪ್ಪುಕಾಗದ ಬೇಗ ಕಟ್ಟಿಕೊಳ್ಳುತ್ತದೆ. ಬೆನ್ನಹಲಗೆಗಳಿಂದ ಕಪಾಟಿನ ಬಾಗಿಲು ಮಾಡಿದೆ. ಹಳೆಯ ಮರವನ್ನು ಬೇರ್ಪಡಿಸಿ ಮಾರುವ ಸಮಾಜಸೇವಾ ಕೇಂದ್ರಗಳು ಈ ದೇಶದ ಹಲವು ಊರುಗಳಲ್ಲಿವೆ. 1998ರಲ್ಲಿ ಬ್ರೈಟನ್ನಿನಲ್ಲಿ ಆರಂಭವಾದ ಪ್ರಯತ್ನದಿಂದ ಅವು ಬೆಳೆದವು. ಅಲ್ಲಿ ಮೊಳೆ ಕಿತ್ತ ಹಲಗೆಗಳೇ ದೊರೆಯುತ್ತವೆ, ಸಮಯ ಉಳಿಯುತ್ತದೆ.

ಸರಕು ಸಾಗಿಸುವ ಪ್ಯಾಲೆಟ್‌ಗಳ ಹಲಗೆ ತೆಳ್ಳಗಿರುವುದರಿಂದ ದೋಣಿಗೆ ಹೇಳಿ ಮಾಡಿಸಿದಂತಿರುತ್ತದೆ, ಆದರೆ ಮುದ್ರೆ ನೋಡದೆ ತರಬೇಡಿ. 'ಎಚ್‌ಟಿ' ಎಂದಿದ್ದರೆ ಶಾಖದಿಂದ ಕೀಟ ನಿವಾರಿಸಿದ್ದು, ತರಬಹುದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಬೇಡ. ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಕಲೆಯಿದ್ದರೆ ಯಾವ ಮುದ್ರೆಯಿದ್ದರೂ ಬೇಡ. ಕ್ರಿಯೋಸೋಟ್ ಎಂಬ ವಿಷದ ಡಾಂಬರೆಣ್ಣೆ ಕುಡಿದ ರೈಲ್ವೆ ಸ್ಲೀಪರ್‌ಗಳು, ಕೆಡದಂತೆ ರಾಸಾಯನಿಕ ಕುಡಿಸಿದ ಹಸಿರು ಛಾಯೆಯ ಹಳೆಯ ಬೇಲಿ ಮರಗಳು ಮಲಗುವ ಜಾಗಕ್ಕೆ ತರುವಂಥವಲ್ಲ. ಅವುಗಳ ಚೂರುಗಳನ್ನು ಒಲೆಗೂ ಹಾಕಬಾರದು. ಹಳೆಯ ಬಾಗಿಲುಗಳ ಬಣ್ಣದಲ್ಲಿ ಸೀಸವಿರುವುದು ಸಾಮಾನ್ಯ. ಪರೀಕ್ಷೆಯ ಕಿಟ್ ತಂದು ನೋಡಿ. ಸೀಸ ಇದ್ದರೆ ಒಣದಾಗಿ ಉಜ್ಜದೆ ಒದ್ದೆ ಮಾಡಿ ಕೆರೆಯಿರಿ.

ಓಕ್ ಮರ ಬಳಸುವುದಾದರೆ ಸಾಧಾರಣ ಕಬ್ಬಿಣದ ಸ್ಕ್ರೂ ಹಾಕಬೇಡಿ. ಅದರಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಾಗಿ ತೇವವೂ ಸೇರಿದರೆ ಮಸಿ ಚೆಲ್ಲಿದಂತೆ ಕಪ್ಪು ಕಲೆ ಹರಡುತ್ತದೆ, ಸ್ಕ್ರೂ ಕೂಡ ಸವೆಯುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಚಳಿಗಾಲದ ಬೆಳಿಗ್ಗೆ ಅಲ್ಯುಮಿನಿಯಂ ಕಿಟಕಿ ಚೌಕಟ್ಟಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿದ ಮೇಲೆ ಈ ಮಾತು ನಿಮಗೇ ಅರ್ಥವಾಗುತ್ತದೆ. ಅಡಿಹಲಗೆಯ ಮೇಲ್ಮೈಯಲ್ಲಿ ಚಿಕ್ಕ ಕಾಲುವೆ ತೋಡಿದರೆ ನೀರು ಅದರಲ್ಲಿ ನಿಲ್ಲುತ್ತದೆ, ಒರೆಸಿ ತೆಗೆಯಬಹುದು.

ಹಳೆಯ ಮರ ಎಂದರೆ ಮರದ ಬಣ್ಣವೇ ಕಾಣಬೇಕು ಎಂಬುದು ನಮ್ಮ ಕಾಲದ ಅಭಿರುಚಿ ಎಂಬುದನ್ನೂ ಹೇಳಿಬಿಡುತ್ತೇನೆ. ಸರಕು ಸಾಗಿಸುತ್ತಿದ್ದ ಕಾಲದ ದೋಣಿಗಳಲ್ಲಿ ಇಡೀ ಸಂಸಾರ ಹಿಂಬದಿಯ ಸುಮಾರು 10 ಅಡಿ ಉದ್ದದ ಕ್ಯಾಬಿನ್ನಿನಲ್ಲಿ ವಾಸಿಸುತ್ತಿತ್ತು. ಅಲ್ಲಿನ ಅಗ್ಗದ ಹಲಗೆಗಳಿಗೆ ಓಕ್ ಮರದ ಎಳೆಗಳಂತೆ ಕಾಣುವ ಸ್ಕಂಬಲ್ ಬಣ್ಣ ಬಳಿದು, ಬಾಗಿಲುಗಳಿಗೆ ಗುಲಾಬಿ ಮತ್ತು ಕೋಟೆಯ ಚಿತ್ರ ಬರೆಯುತ್ತಿದ್ದರು. ಕಪಾಟಿನ ಬಾಗಿಲನ್ನು ಕೆಳಕ್ಕೆ ಮಡಚಿದರೆ ಅದೇ ಊಟದ ಮೇಜು. ಜಾಗ ಉಳಿಸುವ ವಿದ್ಯೆ ಕಲಿಯಬೇಕಾದರೆ ಎಲ್ಸ್‌ಮಿಯರ್ ಪೋರ್ಟ್‌ನ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ದೋಣಿಗಳನ್ನು ಒಂದು ದಿನ ನೋಡಿ ಬನ್ನಿ. ನಾನು ಮೂರು ರೀತಿಯ ಬೇರೆ ಬೇರೆ ಬಣ್ಣದ ಮರ ಹಾಕಿ, ಒಳಗೆಲ್ಲ ಕತ್ತಲೆಯಾಗಿ, ಕೊನೆಗೆ ಕಿಟಕಿಯ ಮೇಲಿನ ಭಾಗಕ್ಕೆಲ್ಲ ಸುಣ್ಣದ ಬಿಳುಪಿನ ಬಣ್ಣ ಹೊಡೆದೆ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮೀಟರ್ ತಂದು ನೋಡಿದೆವು, ಹಲಗೆಗಳು ಶೇ. 22 ತೋರಿಸುತ್ತಿವೆ. ಸೀಳಿಸುವುದೆಂದು ತೀರ್ಮಾನಿಸಿದೆವು. ಇನ್ನೆರಡು ಸಂದೇಹಗಳು: ಹಲಗೆಗಳನ್ನು ರೀಪಿಗೆ ಅಂಟು ಹಾಕಿ ಕೂರಿಸುವುದೋ, ಮೊಳೆ ಹೊಡೆಯುವುದೋ? ಸೌದೆ ಒಲೆಯ ಹಿಂದಿನ ಗೋಡೆಗೂ ಇದೇ ಮರ ಹಾಕಬಹುದೇ?

ಉತ್ತರ: ಮತ್ತೆ ವಾರಿಕ್‌ಶೈರ್‌ನಿಂದ

ಅಂಟು ಬೇಡ, ಮೊಳೆಯೂ ಬೇಡ, ಸ್ಕ್ರೂ ಹಾಕಿ. ಗೋಡೆಯ ಹಿಂದೆ ನೀರಿನ ಕೊಳವೆ, ವೈರು, ಗ್ಯಾಸ್ ಕೊಳವೆ ಹಾದುಹೋಗುತ್ತವೆ, ಒಂದಲ್ಲ ಒಂದು ದಿನ ಅಲ್ಲಿಗೆ ಕೈ ಹೋಗಲೇಬೇಕು. ನಾಲ್ಕು ವರ್ಷಕ್ಕೊಮ್ಮೆ ಬೋಟ್ ಸೇಫ್ಟಿ ಸ್ಕೀಮಿನ ಪರೀಕ್ಷಕರು ಬಂದಾಗಲೂ ಅವರು ನೋಡಬೇಕಾದ ಜಾಗಗಳು ತೆರೆಯುವಂತಿರಬೇಕು. ನನ್ನ ಮೊದಲ ದೋಣಿಯಲ್ಲಿ ಬಚ್ಚಲಿನ ಹಿಂದಿನ ಒಂದು ಕೊಳವೆ ಸೋರಿದಾಗ, ಅಂಟು ಹಾಕಿ ಕೂರಿಸಿದ್ದ ಹನ್ನೆರಡು ಹಲಗೆಗಳನ್ನು ಒಡೆದೇ ತೆಗೆಯಬೇಕಾಯಿತು. ಹಲಗೆಯ ತೂತನ್ನು ಅಗಲದ ದಿಕ್ಕಿನಲ್ಲಿ ಸ್ವಲ್ಪ ಉದ್ದವಾಗಿ ಕೊರೆದರೆ ಮರ ಹಿಗ್ಗಿ ಕುಗ್ಗಲು ಜಾಗವಿರುತ್ತದೆ. ಕೊಳವೆ ಹೋಗುವ ಕಡೆ ಎರಡು ಮೂರು ಹಲಗೆಗಳನ್ನು ಹಿಂದಿನಿಂದ ಜೋಡಿಸಿ ಒಂದೇ ಮುಚ್ಚಳವಾಗಿ ಮಾಡಿ. ನೆಲದ ಹಿಂತುದಿಯಲ್ಲಿ, ನೀರು ಬಂದು ಸೇರುವ ತಗ್ಗಿನ ಜಾಗದಲ್ಲಿ, ಕೈ ಹಿಡಿಸುವಷ್ಟು ಒಂದು ಮುಚ್ಚಳ ಇರಲೇಬೇಕು.

ಎಲ್ಲಾದರೂ ಫೋಮ್ ಬಿಟ್ಟುಹೋಗಿದೆಯೆಂದು ಥರ್ಮೋಕೋಲ್ ತುಂಡು ತುರುಕುವ ಮನಸ್ಸಾದರೆ, ಅದು ವೈರಿಗೆ ತಾಗದಂತೆ ನೋಡಿಕೊಳ್ಳಿ. ಪಿವಿಸಿ ಹೊದಿಕೆಯನ್ನು ಮೆತ್ತಗಿಡುವ ಅಂಶ ಥರ್ಮೋಕೋಲಿಗೆ ಇಳಿದು, ಹೊದಿಕೆ ಬಿರುಸಾಗಿ ಒಡೆಯುತ್ತದೆ.

ಒಲೆಯ ಹಿಂದೆ ಮರ ಖಂಡಿತ ಬೇಡ. ಮರದ ಮೇಲೆ ನೇರವಾಗಿ ಟೈಲ್ಸ್ ಅಂಟಿಸಿದರೂ ಸಾಲದು, ಶಾಖ ಟೈಲ್ಸಿನ ಮೂಲಕ ಒಳಗಿನ ಮರಕ್ಕೆ ಇಳಿಯುತ್ತದೆ. ಉರಿಯದ ಹಲಗೆ, ಅದರ ಹಿಂದೆ ಗಾಳಿಯಾಡುವ ಸಂದು, ಮುಂದೆ ಟೈಲ್ಸ್, ಹೀಗಿರಬೇಕು. ಅಂತರ ಎಷ್ಟೆಂಬುದನ್ನು ಒಲೆ ತಯಾರಿಸಿದವರ ಪುಸ್ತಿಕೆಯಿಂದಲೂ, ಸಣ್ಣ ದೋಣಿಗಳ ಒಲೆಗಳಿಗಾಗಿಯೇ ಇರುವ ಬ್ರಿಟಿಷ್ ಮಾನದಂಡ 8511ರಿಂದಲೂ ತೆಗೆದುಕೊಳ್ಳಿ. ನನ್ನಂಥವರ ಅಂದಾಜಿನಿಂದ ಬೇಡ. ವಾಸದ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ 2019ರಿಂದ ಕಡ್ಡಾಯವಾಗಿದೆ. ಒಲೆಯಿಂದ ಒಂದೂವರೆ ಮೀಟರ್ ಒಳಗಿನ ಮರ ಉಳಿದ ಕಡೆಗಿಂತ ಹೆಚ್ಚು ಒಣಗಿ ಬಿರುಕು ಬಿಡುತ್ತದೆ, ಅಲ್ಲಿಗೆ ನಿಮ್ಮಲ್ಲಿರುವ ಅತಿ ಒಣಗಿದ ಹಲಗೆಗಳನ್ನೇ ಆರಿಸಿಕೊಳ್ಳಿ.

ಶೇ. 22 ಇರುವ ಹಲಗೆ ಸೀಳಿದ ಮೇಲೆ ಒಣಗಲು ಹೇಗೂ ಕೆಲವು ವಾರ ಬೇಕು. ಆ ಬಿಡುವಿನಲ್ಲಿ ಒಂದು ಕೆಲಸ ಮಾಡಿ. ಮುಂಭಾಗದ ನೀರಿನ ಟ್ಯಾಂಕನ್ನು ಪೂರ್ತಿ ತುಂಬಿಸಿ, ದೋಣಿಯ ನಾಲ್ಕು ಮೂಲೆಗಳಲ್ಲಿ ನೀರಿನಿಂದ ಉಕ್ಕಿನ ಅಂಚಿಗೆ ಎಷ್ಟು ಎತ್ತರವಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಟ್ಯಾಂಕ್ ಖಾಲಿಯಾದಾಗ ಮತ್ತೊಮ್ಮೆ ಅಳೆಯಿರಿ. ಅಡುಗೆ ಕಟ್ಟೆ, ಫ್ರಿಜ್, ಒಲೆ ಮೂರನ್ನೂ ಒಂದೇ ಪಕ್ಕಕ್ಕೆ ಇಟ್ಟ ಮೇಲೆ ದೋಣಿ ಎಷ್ಟು ವಾಲಿತು, ನೆಲದಡಿಯ ಯಾವ ಚಪ್ಪಡಿಯನ್ನು ಯಾವ ಕಡೆಗೆ ಸರಿಸಬೇಕು ಎಂಬುದು ಆ ಎಂಟು ಅಂಕಿಗಳಿಂದ ತಿಳಿಯುತ್ತದೆ. ಅಲ್ಲಿಯವರೆಗೆ ನೆಲದ ಪ್ಲೈವುಡ್ಡಿನ ಸ್ಕ್ರೂಗಳನ್ನು ಮುಚ್ಚಬೇಡಿ, ಅದರ ಮೇಲೆ ಹಳೆಯ ಮರದ ನೆಲಹಾಸನ್ನೂ ಹಾಕಬೇಡಿ.