ಬ್ರಹ್ಮಕಮಲದ ಮೊಗ್ಗು ಉದುರುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಹಳ್ಳಿ. ಕುಂಡದ ಬ್ರಹ್ಮಕಮಲಕ್ಕೆ ಈ ಮಳೆಗಾಲ ಎಲೆಯ ಅಂಚಿನಲ್ಲಿ ತುಂಬಾ ಮೊಗ್ಗು ಬಂದಿವೆ. ಆದರೆ ಕಡಲೆಕಾಳಿನಷ್ಟು ದಪ್ಪ ಆಗುತ್ತಲೇ ತೊಟ್ಟು ಹಳದಿಯಾಗಿ ಉದುರುತ್ತಿವೆ. ಸುಮ್ನೆ ಮುಟ್ಟಿದರೂ ಕೈಗೇ ಬರುತ್ತವೆ. ಬೆಳಗಿನ ಎಳೆಬಿಸಿಲು ಬೀಳುವ ಜಾಗ. ಕೆಂಪು ಮಣ್ಣು, ಸಗಣಿ ಗೊಬ್ಬರ ಹಾಕಿದ್ದೇವೆ. ಮಣ್ಣು ಮಾತ್ರ ಯಾವಾಗಲೂ ಒದ್ದೆ.

ಇದು ಮೆಕ್ಸಿಕೋ ಕಡೆಯ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ ಜಾತಿ. ಹಾಗಾಗಿ ಬೇರಿಗೆ ಗಾಳಿ ಬೇಕು ಅಲ್ವಾ? ತೆಂಗಿನ ನಾರು, ಇದ್ದಿಲ ಚೂರು ಬೆರೆಸಿ ಈಗಲೇ ಕುಂಡ ಬದಲಿಸಬಹುದಾ? ಇಲ್ಲ, ಬೇರು ಅಲುಗಾಡಿದರೆ ಉಳಿದ ಮೊಗ್ಗೂ ಹೋಗುತ್ತವಾ?

ನಮ್ಮ ಅತ್ತೆಗೆ ಈ ಹೂವೆಂದರೆ ಪ್ರಾಣ. ರಾತ್ರಿ ಅರಳಿದರೆ ಅಕ್ಕಪಕ್ಕದವರನ್ನೆಲ್ಲ ಕರೆದು ಆರತಿ ಮಾಡುತ್ತಾರೆ. ಬೆಳೆಸಿ ಗೊತ್ತಿರುವವರು ದಯವಿಟ್ಟು ಹೇಳಿ.